ಜಾಳಾದ ಕರುಳು

ಬಾಗಲಕೋಟೆಯ ನವನಗರ, ಒಂದು ಆಸ್ಪತ್ರೆಯ ಅಂಗಳ. ಮಾತಾಡುತ್ತಿರುವವರು ಇಳಕಲ್ಲಿನ ಒಬ್ಬ ನೇಕಾರರು ಮತ್ತು ಹುನಗುಂದ ತವರಿನ ಒಬ್ಬ ವೈದ್ಯೆ. ನೇಕಾರರ ತಮ್ಮ ಕಲ್ಲಿನ ಪಾಲಿಶ್ ಕಾರ್ಖಾನೆಯ ಕೆಲಸಗಾರ. ಒಳಗೆ ವಾರ್ಡಿನಲ್ಲಿ ಮಲಗಿದ್ದಾನೆ.

ನೇಕಾರ: ಬಾಯಾರ, ಸಿಟ್ಟಾಗಬ್ಯಾಡ್ರಿ, ಒಂದ ಮಾತು ಕೇಳ್ತೀನಿ. ಕುಡಿಯೋರ ಸುದ್ದಿ ಬಂತಂದ್ರ ಎಲ್ಲಾರೂ ಲಿವರ್ ಲಿವರ್ ಅಂತಾರ. ಇವನ ಲಿವರ್ ಸ್ಕ್ಯಾನ್ ಮಾಡಿಸಿದ್ವಿ. ಕೊಬ್ಬು ಕೂತೈತಿ, ಪೂರ್ತಿ ಕೆಟ್ಟಿಲ್ಲ ಅಂದ್ರು. ನಮ್ಮ ಅವ್ವ ದೇವರಿಗೆ ಕಾಯಿ ಒಡಿಸಿದ್ಲು. ಆದ್ರ ವರ್ಷ ಆತ್ರಿ, ದಿನಾ ಮುಂಜಾನೆ ಮೂರ ನಾಕ ಸಲ ನೀರಿನಂಗ ಹೊರಕಡಿ ಹೋಗ್ತಾನ. ಉಣ್ಣೂದೇನ ಬಿಟ್ಟಿಲ್ಲ. ಎರಡ ರೊಟ್ಟಿ, ಪುಂಡಿಪಲ್ಯ, ಮ್ಯಾಲ ಅನ್ನ ಮಜ್ಜಿಗಿ. ಉಂಡದ್ದು ಮೈಗೆ ಹತ್ತವಲ್ದು. ಎದಿ ಎಲುಬು ಎಣಸಬಹುದು. ಲಿವರ್ ಕೆಟ್ಟಿಲ್ಲಂದ್ರ ಮತ್ತ ಇದೇನ್ರಿ?

ವೈದ್ಯೆ: ಸಿಟ್ಟ್ಯಾಕ ಆಗ್ಲಿ ಕಾಕಾ. ಕುಡಿಯೋರ ಮನಿಯವ್ರು ಎಲ್ಲಾರೂ ಇದನ್ನ ಕೇಳಬೇಕು, ಯಾರೂ ಕೇಳೂದಿಲ್ಲ. ಲಿವರ್ ರಿಪೋರ್ಟ್ ಚಲೋ ಬಂತಂದ್ರ ಅದನ್ನ ಕುಡಿಯಾಕ ಪರವಾನಗಿ ಅಂತ ತಿಳಕೊಂಡ ಮನಿಗೆ ಹೋಗ್ತಾರ. ಸೆರೆ ಲಿವರ್ ಮುಟ್ಟೂಕಿಂತ ಮೊದಲ ಸಣ್ಣ ಕರುಳ ಹಾದು ಹೋಗಬೇಕು. ಬಾಯಿಂದ ಹೊಟ್ಟಿಗೆ, ಹೊಟ್ಟಿಯಿಂದ ಸಣ್ಣ ಕರುಳಿಗೆ. ಕುಡಿದದ್ದರಾಗ ಹೆಚ್ಚಿನ ಪಾಲು ರಕ್ತಕ್ಕ ಸೇರೂದು ಆ ಸಣ್ಣ ಕರುಳಿನ ಮೊದಲಿನ ಭಾಗದಾಗ. ಅಂದಮ್ಯಾಲ ಮೊದಲ ಪೆಟ್ಟು ಯಾರಿಗೆ ಬೀಳತೈತಿ?

ನೇಕಾರ: ಕರುಳಿಗೆ.

ವೈದ್ಯೆ: ಕರುಳಿನ ಒಳಮೈಗೆ. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಅದರ ಒಳಗಡೆ ಬರೇ ನುಣ್ಣಗ ಇರೂದಿಲ್ಲ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಎತ್ತರದ ಸಣ್ಣ ಸಣ್ಣ ಕುಚ್ಚು ಲಕ್ಷಗಟ್ಟಲೆ ಇರ್ತಾವು. ವಿಲ್ಲೈ ಅಂತೀವಿ ನಾವು. ಎಲ್ಲಾ ಬಿಚ್ಚಿ ಹಾಸಿದ್ರ ಸುಮಾರು 30 ಚದರ ಮೀಟರ್ ಆಗ್ತೈತಿ.

ನೇಕಾರ: 30 ಚದರ ಮೀಟರಂದ್ರ... ಆರ ಗಜದ ಸೀರಿ ಆದ್ರ ಹತ್ರ ಹತ್ರ ಐದು.

ವೈದ್ಯೆ: ಹೌದಲ್ರಿ, ನಾ ಹಂಗ ಲೆಕ್ಕಾ ಹಾಕಿರಲಿಲ್ಲ. ಅಷ್ಟೂ ಅಗಲಕ್ಕ ಒಂದ ಒಂದ ಪದರ ಜೀವಕೋಶ. ಒಂದರ ಮಗ್ಗಲಕ ಒಂದು, ಸಂದಿ ಇಲ್ಲದಂಗ ಬಿಗದ ಕೂತಿರ್ತಾವು. ಒಳಗ ಬರಬೇಕಾದ್ದು, ಅಂದ್ರ ಸಕ್ಕರಿ, ಉಪ್ಪು, ವಿಟಮಿನ್, ಪ್ರೋಟೀನಿನ ಚೂರು, ಆ ಕೋಶದ ಮೈಯೊಳಗಿಂದ ಹಾದು ಬರತಾವು. ಹೊರಗ ಇರಬೇಕಾದ್ದು, ಅಂದ್ರ ಕರುಳಿನಾಗಿನ ಬ್ಯಾಕ್ಟೀರಿಯಾ, ಅವುಗಳ ವಿಷ, ಅವು ಹೊರಗ ಉಳೀತಾವು. ಕೋಶಕ್ಕೂ ಕೋಶಕ್ಕೂ ನಡುವ ಪ್ರೋಟೀನಿನ ಹೊಲಿಗಿ ಇರತೈತಿ. ಅದ ಕಾವಲು.

ನೇಕಾರ: ಹಾಸು ಹೊಕ್ಕು ಇದ್ದಂಗ. ಹಣಿಗಿ ಬಿಗಿಯಾಗಿ ಬಡದ್ರ ನೂಲಿಗೆ ನೂಲು ಕೂಡತೈತಿ. ಕೈ ಸಡಲ ಬಿಟ್ರ ಅರಿವಿ ಜಾಳ ಆಗ್ತೈತಿ. ದೂರಿಂದ ನೋಡಿದ್ರ ಸೀರಿನ, ಬೆಳಕಿಗೆ ಹಿಡದ್ರ ಗೊತ್ತಾಗ್ತೈತಿ.

ವೈದ್ಯೆ: ನಿಮ್ಮ ಆ ಮಾತ ಸಾಕು ಕಾಕಾ, ನಾ ಬ್ಯಾರೆ ಹುಡುಕೂದಿಲ್ಲ. ಜಾಳ ಆಗೂದು. ನಿಮ್ಮ ತಮ್ಮನ ಕರುಳು ಜಾಳಾಗೈತಿ ಅಂತ ನನ್ನ ಅನುಮಾನ. ಸ್ಕ್ಯಾನಿನಾಗ ಅದು ಕಾಣೂದಿಲ್ಲ.

ನೇಕಾರ: ಹೆಂಗ ಆಗ್ತೈತ್ರಿ ಅದು? ನೀರಿನಂಗ ಇರೋ ಸೆರಿ ಅದನ್ನ ಹೆಂಗ ಬಿಚ್ಚತೈತಿ?

ವೈದ್ಯೆ: ಎರಡ ರೀತಿ. ಒಂದು ತಕ್ಷಣದ್ದು, ಒಂದು ದಿನಾ ಕುಡಿಯೋರಿಗೆ ಆಗೂದು. ತಕ್ಷಣದ್ದು ಮೊದಲ ಹೇಳ್ತೀನಿ. ಇವ ಏನ ಕುಡೀತಾನ?

ನೇಕಾರ: ಕ್ವಾಟರ್. ಮೊದಲ ಸಂಜಿಗೆ ಒಂದ. ಈಗ ಮುಂಜಾನೆ ಕೆಲಸಕ್ಕ ಹೋಗೂಮುಂದ ಒಂದ ನೈಂಟಿ. ನೀರ ಹಾಕ್ಕೊಳ್ಳೂದಿಲ್ಲ. ಹಂಗ ಬಾಯಿಗೆ ಹಾಕ್ಕೊಂಡ ಮ್ಯಾಲ ಒಂದ ಚಿಟಿಕಿ ಉಪ್ಪಿನಕಾಯಿ.

ವೈದ್ಯೆ: ಆ ಬಾಟ್ಲಿ ಮ್ಯಾಲ ಬರದಿರತೈತಿ, 42.8 ಪರ್ಸೆಂಟ್ ಅಂತ. ಕ್ವಾಟರ್ ಅಂದ್ರ 180 ಮಿಲಿ. ಅದರೊಳಗ ಶುದ್ಧ ಮದ್ಯ 77 ಮಿಲಿ, ತೂಕದಾಗ ಸುಮಾರು 61 ಗ್ರಾಂ. ಒಂದ ಸಲಕ್ಕ 60 ಗ್ರಾಂ ಮುಟ್ಟಿದ್ರ ಅದು ವಿಪರೀತ ಕುಡಿತ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಇಟ್ಟೈತಿ. ನಮ್ಮ ಕಡೆ "ಒಂದ ಕ್ವಾಟರಷ್ಟ ರೀ" ಅಂತಾರಲ್ಲ, ಆ ಒಂದರಾಗ ಗೆರಿ ದಾಟಿ ಆತು. ಇವ ಮುಂಜಾನೆದ್ದು ಕೂಡಿಸಿದ್ರ ದಿನಕ್ಕ 90 ಗ್ರಾಂ ಮ್ಯಾಲ.

ನೇಕಾರ: ಸಾರಾಯಿ ಪಾಕೀಟು ಇದ್ದಾಗ ಇದಕ್ಕೂ ಕೆಟ್ಟ ಇತ್ರಿ. ನಮ್ಮ ಓಣ್ಯಾಗ ಪಾಕೀಟಿನ ಪ್ಲಾಸ್ಟಿಕ್ ಗಟಾರ ತುಂಬಿರತಿತ್ತು. ಬಂದ್ ಆದಾಗ ಹೆಣ್ಮಕ್ಕಳು ಸಕ್ಕರಿ ಹಂಚಿದ್ರು.

ವೈದ್ಯೆ: 2007ರ ಜುಲೈ 1ಕ್ಕ ರಾಜ್ಯದಾಗ ಸಾರಾಯಿ ನಿಂತಿತು. ನಾ ಆಗ ಓದತಿದ್ದೆ. ಅದು ದೊಡ್ಡ ಕೆಲಸ, ಇಲ್ಲಂತ ಅನ್ನೂದಿಲ್ಲ. ಆದ್ರ ಕುಡಿಯೋ ಕೈ ಪಾಕೀಟು ಬಿಟ್ಟು ಅಗ್ಗದ ವಿಸ್ಕಿ ಹಿಡೀತು. ಕರುಳಿಗೆ ಬ್ರ್ಯಾಂಡ್ ಗೊತ್ತಾಗೂದಿಲ್ಲ, ಎಷ್ಟು ಗ್ರಾಂ ಬಂತು, ಎಷ್ಟು ಗಟ್ಟಿ ಬಂತು ಅನ್ನೂದಷ್ಟ ಗೊತ್ತಾಗ್ತೈತಿ. ನೀರ ಬೆರಸದ 42 ಪರ್ಸೆಂಟು ಬರೇ ಹೊಟ್ಟ್ಯಾಗ ಬಿತ್ತಂದ್ರ, ಅದು ಸಣ್ಣ ಕರುಳಿನ ಮುಂಭಾಗಕ್ಕ ಇನ್ನೂ ಗಟ್ಟಿ ಇರೂಮುಂದನ ಇಳೀತೈತಿ. ಆ ಕುಚ್ಚುಗಳ ತುದಿ ಇರ್ತಾವಲ್ಲ, ಅಲ್ಲಿ ಪದರ ತಳದಿಂದ ಎದ್ದ ಬೊಬ್ಬಿಯಂಗ ಉಬ್ಬತೈತಿ, ಒಡೀತೈತಿ, ಸಣ್ಣಗ ರಕ್ತ ಜಿನಗತೈತಿ. ದಿನಾ ಕುಡಿಯೋರಿಗೆ ಅಷ್ಟ ಅಲ್ಲ, ಒಂದ ಸಲ ವಿಪರೀತ ಕುಡಿದ ಆರೋಗ್ಯವಂತರಿಗೂ ಇದು ಆಗ್ತೈತಿ.

ನೇಕಾರ: ಒಂದ ಸಲಕ್ಕ?

ವೈದ್ಯೆ: ಒಂದ ಸಲಕ್ಕ. ನಾ ಕೆಲವು ವರ್ಷ ಬದಾಮ್ಯಾಗ ಇದ್ದೆ. ಬನಶಂಕರಿ ಜಾತ್ರಿ ಅಂದ್ರ ಗೊತ್ತಲ್ಲ, ತಿಂಗಳಗಟ್ಟಲೆ ನಾಟಕ, ಅಂಗಡಿ, ಮಂದಿ. ವರ್ಷದಾಗ ಒಮ್ಮೆ ಕುಡಿಯೋ ಹುಡುಗರು ಆಗ ಬರತಿದ್ರು. ರಾತ್ರಿ ವಾಂತಿ, ಬೆಳಗ್ಗೆ ಹೊಟ್ಟಿನೋವು, ಭೇದಿ. ಜಾತ್ರ್ಯಾಗಿನ ಭಜಿ ಕೆಟ್ಟಿತ್ತು ಅಂತಾರ. ಕೆಲವರಿಗೆ ಭಜಿನ ಇರಬಹುದು, ಎಲ್ಲಾರಿಗೂ ಅಲ್ಲ. ಅಮೆರಿಕಾದ ಮ್ಯಾಸಚೂಸೆಟ್ಸಿನಾಗ ಆರೋಗ್ಯವಂತರಿಗೆ ಒಮ್ಮೆ ಜೋರಾಗಿ ಕುಡಿಸಿ ರಕ್ತ ತಪಾಸು ಮಾಡಿದ್ರು, 2014ರಾಗ ಅದು ಪ್ರಕಟ ಆತು. ಕರುಳಿನ ಬ್ಯಾಕ್ಟೀರಿಯಾದ ವಿಷ ಆ ಒಂದ ಸಲದ ಕುಡಿತಕ್ಕ ರಕ್ತದಾಗ ಏರಿತ್ತು. ಬಾಗಿಲ ತೆರೀತೈತಿ ಅಂತ ಅರ್ಥ.

ನೇಕಾರ: ಮತ್ತ ಆ ಹುಡುಗರು ಎರಡ ದಿನದಾಗ ಎದ್ದ ಓಡ್ಯಾಡತಾರಲ್ರಿ.

ವೈದ್ಯೆ: ಓಡ್ಯಾಡತಾರ. ಯಾಕಂದ್ರ ಕರುಳಿನ ಆ ಪದರ ಮೈಯಾಗ ಎಲ್ಲಾಕ್ಕಿಂತ ಜಲ್ದಿ ಹೊಸದಾಗೂದು. ಮೂರರಿಂದ ಐದ ದಿನಕ್ಕ ಹಳೆ ಕೋಶ ಉದರಿ ತಳದಿಂದ ಹೊಸವು ಏರಿ ಬರತಾವು. ನಾ ಈ ವಿಷಯಕ್ಕ ಇಷ್ಟ್ಯಾಕ ಬಡಕೊಳ್ತೀನಿ ಅಂದ್ರ ಇದಕ್ಕ. ಗಾಯ ಮೊದಲ ಆಗೂದೂ ಅಲ್ಲೆ, ಮೊದಲ ಮಾಯೂದೂ ಅಲ್ಲೆ. ಆದ್ರ ಮಾಯಾಕ ನಾಕ ದಿನಾ ಬಿಡುವು ಕೊಡಬೇಕಲ್ಲ? ನಿಮ್ಮ ತಮ್ಮ ಅದಕ್ಕ ಒಂದ ದಿನಾನೂ ಕೊಟ್ಟಿಲ್ಲ. ಹೊಸ ಕೋಶ ಏರಿ ಬರೂದ್ರೊಳಗ ಮುಂಜಾನೆ ನೈಂಟಿ ಬೀಳತೈತಿ.

ನೇಕಾರ: ನಡುವ ಎರಡ ಸಲ ಬಿಟ್ಟದ್ದ ಬಿಟ್ರ ಹನ್ನೊಂದ ವರ್ಷದಿಂದ ಕೊಟ್ಟಿಲ್ರಿ. ಅವನ ಮಗಳಿಗೆ ಈಗ ಹನ್ನೊಂದು. ಅಕಿ ಹುಟ್ಟಿದ ಖುಷಿಗೆ ಅಂತ ಸುರು ಮಾಡಿದ್ದು.

ವೈದ್ಯೆ: ಅಲ್ಲಿಗೆ ಎರಡನೇದ್ದು ಸುರು ಆಗ್ತೈತಿ. ದಿನಾ ಬಿದ್ದ ಮದ್ಯ ಕರುಳಿನ ಕೋಶದಾಗೂ ಒಡೀತೈತಿ, ಅಲ್ಲಿರೋ ಬ್ಯಾಕ್ಟೀರಿಯಾನೂ ಅದನ್ನ ಒಡೀತಾವು. ಒಡದಾಗ ಅಸಿಟಾಲ್ಡಿಹೈಡ್ ಅನ್ನೋ ವಿಷ ಹುಟ್ಟತೈತಿ. ಅದು ಕೋಶದ ನಡುವಿನ ಹೊಲಿಗಿ ಬಿಚ್ಚತೈತಿ. ಇನ್ನೊಂದ ಕಡೆ, ಕುಡಿಯೋರ ಸಣ್ಣ ಕರುಳಿನಾಗ ಬ್ಯಾಕ್ಟೀರಿಯಾ ಲೆಕ್ಕ ಮೀರಿ ಬೆಳೀತಾವು. ಸಣ್ಣ ಕರುಳಿನ ಮ್ಯಾಲಿನ ಭಾಗದಾಗ ಅವು ಭಾಳ ಕಡಿಮಿ ಇರಬೇಕಾದ್ದು. 1984ರಾಗ ಜರ್ಮನಿಯ ಬೋಡೆ ದಂಪತಿ ಮತ್ತ ಅವರ ಜೋಡಿಯವ್ರು ಕುಡಿತದ ರೋಗಿಗಳ ಕರುಳಿನ ನೀರು ತಗದು ನೋಡಿ ಇದನ್ನ ತೋರಿಸಿದ್ರು. ಈಗ ನೋಡ್ರಿ, ಅರಿವಿ ಜಾಳ, ಹೊರಗ ಧೂಳ ಹೆಚ್ಚು. ಏನಾಗಬೇಕು?

ನೇಕಾರ: ಒಳಗ ಬರತೈತಿ.

ವೈದ್ಯೆ: ಬರತೈತಿ. ಬಂದು ಎಲ್ಲಿಗೆ ಹೋಗತೈತಿ? ಕರುಳಿನ ರಕ್ತ ನೆಟ್ಟಗ ಹೃದಯಕ್ಕ ಹೋಗೂದಿಲ್ಲ, ಮೊದಲ ಪೋರ್ಟಲ್ ಅನ್ನೋ ರಕ್ತನಾಳದಾಗ ಲಿವರಿಗೆ ಹೋಗತೈತಿ. ಬ್ಯಾಕ್ಟೀರಿಯಾದ ಹೊರಪದರದ ವಿಷ, ಎಂಡೋಟಾಕ್ಸಿನ್ ಅಂತೀವಿ, ಅದು ಲಿವರಿನಾಗಿನ ಕಾವಲುಕೋಶಗಳನ್ನ ಕೆಣಕತೈತಿ. ಅವು ಉರಿಯೂತ ಎಬ್ಬಸ್ತಾವು. ದಿನಾ ಕೆಣಕಿದ್ರ ಲಿವರ್ ಊದತೈತಿ, ನಾರ ಆಗ್ತೈತಿ, ಕಡೀಕ ಸಿರೋಸಿಸ್. ಲಿವರಿಗೆ ಮದ್ಯದ ನೇರ ಪೆಟ್ಟೂ ಇರತೈತಿ, ಅದು ಬ್ಯಾರೆ ಮಾತು. ಆದ್ರ ಆ ಪೆಟ್ಟಿಗೆ ಬೆಂಕಿ ಹಚ್ಚೂದು ಕರುಳಿನಿಂದ ಬಂದ ಈ ವಿಷ.

ನೇಕಾರ: ಹಂಗಾರ ಲಿವರ್ ಇನ್ನೂ ಪೂರ್ತಿ ಕೆಟ್ಟಿಲ್ಲ ಅಂದದ್ದು...

ವೈದ್ಯೆ: ಇನ್ನೂ ಅನ್ನೂದನ್ನ ಗಟ್ಟಿ ಹಿಡೀರಿ. ಕೊಬ್ಬು ಕೂತದ್ದು ಮೊದಲನೇ ಮೆಟ್ಟಲ. ಈ ಮೆಟ್ಟಲದಾಗ ಕುಡಿಯೂದ ನಿಂತ್ರ ಲಿವರ್ ಹಿಂದಕ್ಕ ಬರತೈತಿ. ನನಗ ಲಿವರಿಗಿಂತ ಈಗ ಚಿಂತಿ ಆಗಿರೂದು ನೀವು ಮೊದಲ ಹೇಳಿದ್ದು, ಉಂಡದ್ದು ಹತ್ತವಲ್ದು ಅಂದದ್ದು.

ನೇಕಾರ: ಅವ್ವ ದಿನಾ ತುಪ್ಪ ಹಾಕತಾಳ್ರಿ. ಹಾಲ ಕುಡಸತಾಳ.

ವೈದ್ಯೆ: ಹಾಲ ಕುಡದ ಮ್ಯಾಲ ಹೊಟ್ಟಿ ಗುಡುಗುಡು ಅಂತೈತಿ, ಭೇದಿ ಜಾಸ್ತಿ ಆಗ್ತೈತಿ. ಹೌದಿಲ್ಲೊ?

ನೇಕಾರ: ಹೌದ್ರಿ. ಹೆಂಗ ಗೊತ್ತಾತ್ರಿ?

ವೈದ್ಯೆ: ಹಾಲಿನ ಸಕ್ಕರಿ ಒಡಿಯೋ ಕಿಣ್ವ ಆ ಕುಚ್ಚುಗಳ ತುದಿಯಾಗನ ಇರತೈತಿ. ತುದಿ ಸವದ ಹೋದ್ರ ಕಿಣ್ವಾನೂ ಹೋಗತೈತಿ. ಅವ್ವ ಪ್ರೀತಿಲೆ ಕುಡಸಿದ್ದು ಕೆಳಗ ಇಳದು ಹುಳಿಯಾಗಿ ಭೇದಿ ಆಗ್ತೈತಿ. ಕರುಳಿಗೆ ನೀರೂ ಉಪ್ಪೂ ಹೀರೂ ಶಕ್ತಿನೂ ಕುಂದಿರತೈತಿ. ಅದಕ್ಕ ಬೆಳಗ್ಗೆ ನೀರಿನಂಗ ಹೋಗತೈತಿ. ಹಾಂ, ಒಂದ ಮಾತು ಇಲ್ಲೇ ಹೇಳಿಬಿಡ್ತೀನಿ. ಇಷ್ಟ ದಿನದ ಭೇದಿ, ಇಷ್ಟ ತೂಕ ಇಳಿದದ್ದು ಎಲ್ಲಾನೂ ಕುಡಿತದ ತಲಿಗೆ ಕಟ್ಟಿ ಸುಮ್ಮನ ಕೂಡೂ ಹೆಣ್ಣಲ್ಲ ನಾನು. ಕಲ್ಲಿನ ಧೂಳಿನಾಗ ದುಡಿಯೋ ಮನುಷ್ಯಾ. ಟಿ.ಬಿ. ಐತೇನು, ಎದಿದೂ ಕರುಳಿಂದೂ, ಅದನ್ನ ನೋಡಬೇಕು. ಮೇದೋಜೀರಕ ಗ್ರಂಥಿನೂ ಕುಡಿತಕ್ಕ ಕೆಡತೈತಿ, ಅದು ಕೆಟ್ರ ಕೊಬ್ಬು ಪಚನ ಆಗದ ಜಿಡ್ಡು ಜಿಡ್ಡು ಹೋಗತೈತಿ. ಈ ಎರಡೂ ತಪಾಸು ಬರದೀನಿ, ರೊಕ್ಕ ಉಳಸಾಕ ಬಿಡಬ್ಯಾಡ್ರಿ.

ನೇಕಾರ: ಬಿಡೂದಿಲ್ರಿ. ಮತ್ತ ಅವನ ಕಾಲು? ಪಾದ ಜೋಮ ಹಿಡದಂಗ ಆಗ್ತೈತಿ ಅಂತಾನ. ಚಪ್ಪಲಿ ಕಳಚಿ ಹೋದ್ರ ಗೊತ್ತಾಗೂದಿಲ್ಲಂತ.

ವೈದ್ಯೆ: ಅದೂ ಕರುಳಿಗೆ ಬಂದು ಮುಟ್ಟತೈತಿ ಕಾಕಾ. ಥಯಾಮಿನ್, ವಿಟಮಿನ್ ಬಿ1, ಅದನ್ನ ಸಣ್ಣ ಕರುಳು ಹೀರೂದು. ಮದ್ಯ ಆ ಹೀರೂದನ್ನ ತಡೀತೈತಿ. ಮೈಯಾಗ ಅದರ ದಾಸ್ತಾನು ಕೆಲವು ವಾರಕ್ಕಷ್ಟ ಸಾಲೂದು. ಜ್ವಾಳದಾಗ ಬಿ1 ಐತಿ, ಬ್ಯಾಳ್ಯಾಗ ಐತಿ, ಶೇಂಗಾದಾಗ ಐತಿ. ತಾಟಿನಾಗ ಐತಿ, ರಕ್ತಕ್ಕ ಇಲ್ಲ. ನರ ಸೊರಗತಾವು, ಪಾದ ಜೋಮ ಹಿಡೀತಾವು. ಇನ್ನೂ ಕಡಿಮಿ ಆದ್ರ ಮಿದುಳಿಗೆ ಹೋಗತೈತಿ: ಕಣ್ಣ ಓರೆ, ನಡಿಗಿ ತೊಡರು, ತಲಿ ಗೊಂದಲ. ವರ್ನಿಕೆ ಅಂತ ಹೆಸರು ಅದಕ್ಕ. ನೋಡಿದವ್ರು ಕುಡದ ತೂರ್ಯಾಡಾಕ ಹತ್ಯಾನ ಅಂತಾರ. ಆ ತಪ್ಪ ತಿಳುವಳಿಕಿಗೆ ಜೀವ ಹೋಗ್ಯಾವು.

ನೇಕಾರ: ಹೋದ ತಿಂಗಳ ಸುಸ್ತ ಅಂದ ಅಂತ ನಮ್ಮ ಕಡೆ ಒಬ್ರ ಹತ್ರ ಎರಡ ಸಲೈನ್ ಹಾಕಿಸಿದ್ವಿ. ಗ್ಲೂಕೋಸು. ಶಕ್ತಿ ಬರತೈತಿ ಅಂದ್ರು.

ವೈದ್ಯೆ: ಇದನ್ನ ನಿಮ್ಮ ಓಣ್ಯಾಗ ಎಲ್ಲಾರಿಗೂ ಹೇಳ್ರಿ, ದಯವಿಟ್ಟು. ವರ್ಷಗಟ್ಟಲೆ ಕುಡದ ಮನುಷ್ಯಾಗ ಬಿ1 ಇಂಜೆಕ್ಷನ್ ಕೊಡದ ಗ್ಲೂಕೋಸ್ ಬಾಟ್ಲಿ ಏರಸಬಾರದು. ಸಕ್ಕರಿ ಉರಿಯಾಕ ಬಿ1 ಬೇಕು. ಇದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟ ಬೀಳತೈತಿ. ಮೊದಲ ಬಿ1, ಆಮ್ಯಾಲ ಗ್ಲೂಕೋಸು. ಗುಳಿಗಿನೂ ಆಗೂದಿಲ್ಲ ಮೊದಲಿಗೆ, ಯಾಕಂದ್ರ ಗುಳಿಗಿ ಹೀರೂದೂ ಅದ ಕೆಟ್ಟ ಕರುಳು. ಅದಕ್ಕ ನಿಮ್ಮ ತಮ್ಮಗ ರಕ್ತನಾಳದಾಗ ಕೊಡಾಕ ಹತ್ತೀವಿ.

ನೇಕಾರ: ದೇವರ ದೊಡ್ಡಾಂವ. ಗೊತ್ತಿದ್ದಿಲ್ರಿ ನಮಗ.

ವೈದ್ಯೆ: ನಿಮಗ ಯಾರು ಹೇಳಿದ್ರು ಗೊತ್ತಾಗಾಕ? ಇನ್ನೊಂದು ತೋರಸ್ತೀನಿ, ಇವನ ರಕ್ತದ ರಿಪೋರ್ಟ್ ನೋಡ್ರಿ. ಎಂ.ಸಿ.ವಿ. ಅಂತ ಐತಲ್ಲ, 106. ರಕ್ತದ ಕೆಂಪು ಕಣ ಒಂದೊಂದೂ ಎಷ್ಟು ದಪ್ಪ ಅಂತ ಲೆಕ್ಕ. 100ರೊಳಗ ಇರಬೇಕು. ಮದ್ಯದಿಂದನೂ ಏರತೈತಿ, ಫೋಲಿಕ್ ಆಮ್ಲ ಕಡಿಮಿ ಆದ್ರೂ ಏರತೈತಿ. ಫೋಲಿಕ್ ಆಮ್ಲ ಹೀರೂದೂ ಸಣ್ಣ ಕರುಳು. ಈಗ ಗಂಟ ಎಲ್ಲಿ ಬೀಳತೈತಿ ನೋಡ್ರಿ. ಮೂರರಿಂದ ಐದ ದಿನಕ್ಕೊಮ್ಮೆ ಹೊಸ ಪದರ ಹುಟ್ಟಬೇಕು ಅಂದ್ನೆಲ್ಲ, ಆ ಹೊಸ ಕೋಶ ಹುಟ್ಟಾಕ ಫೋಲಿಕ್ ಆಮ್ಲನ ಬೇಕು. ಕರುಳು ಕೆಟ್ಟು ಫೋಲಿಕ್ ಬರೂದಿಲ್ಲ, ಫೋಲಿಕ್ ಇಲ್ಲದ ಕರುಳು ಸುಧಾರಸೂದಿಲ್ಲ.

ನೇಕಾರ: ನೂಲಿಲ್ಲದ ಮಗ್ಗಾ.

ವೈದ್ಯೆ: ಹೂಂ.

ನೇಕಾರ: ಬಾಯಾರ, ಅವನ ಗೆಳ್ಯಾರು ಒಂದ ಮಾತ ಹೇಳತಾರ. ಚಲೋ ತಿಂದು ಕುಡದ್ರ ಏನೂ ಆಗೂದಿಲ್ಲ, ಮಟನ್ ತಿನಬೇಕು, ತತ್ತಿ ತಿನಬೇಕು ಅಂತ. ಖರೇನ?

ವೈದ್ಯೆ: ಅರ್ಧ ಖರೆ, ಅದಕ್ಕ ಅಪಾಯ. ಹೊಟ್ಟ್ಯಾಗ ಊಟ ಇದ್ರ ಮದ್ಯ ಕರುಳಿಗೆ ನಿಧಾನ ಇಳೀತೈತಿ, ಅಷ್ಟು ಗಟ್ಟಿ ಇರೂದಿಲ್ಲ. ಆ ಮಟ್ಟಿಗೆ ತುದಿಗಳ ಗಾಯ ಕಡಿಮಿ. ಆದ್ರ ಒಳಗ ಹೋಗೂ ಗ್ರಾಂ ಅಷ್ಟಕ್ಕಷ್ಟ. ರಕ್ತದಾಗ ಸೇರಿದ್ದು ತಿರುಗಿ ಕರುಳಿನ ಕೆಳಗಿನ ಭಾಗಕ್ಕೂ ಮುಟ್ಟತೈತಿ. ಹೊಲಿಗಿ ಬಿಚ್ಚೂದೇನ ನಿಲ್ಲೂದಿಲ್ಲ. ಮಟನ್ ತಿಂದ ಕುಡಿದ ಮನುಷ್ಯಾ ಸ್ವಲ್ಪ ತಡವಾಗಿ ಇಲ್ಲಿಗೆ ಬರತಾನ. ಇನ್ನೊಂದು, ಇವ ಸೊಂಟನೋವಿಗೆ ಗುಳಿಗಿ ನುಂಗತಾನೇನು?

ನೇಕಾರ: ದಿನಾ ನುಂಗತಾನ್ರಿ. ಕಲ್ಲಿನ ಕೆಲಸ, ಸೊಂಟ ಹಿಡೀತೈತಿ. ಅಂಗಡ್ಯಾಗ ಕೇಳಿದ್ರ ಕೊಡತಾರ, ಎರಡ ಗುಳಿಗಿ ಚೀಟ್ಯಾಗ ಸುತ್ತಿ. ಕಾರ್ಖಾನ್ಯಾಗ ಎಲ್ಲಾರೂ ನುಂಗತಾರ.

ವೈದ್ಯೆ: ಡೈಕ್ಲೋಫಿನ್ಯಾಕ್ ಇರಬೇಕು. ಆ ಜಾತಿ ಗುಳಿಗಿಗಳು ಹೊಟ್ಟಿಗಷ್ಟ ಅಲ್ಲ, ಸಣ್ಣ ಕರುಳಿನ ಪದರಕ್ಕೂ ಹುಣ್ಣ ಮಾಡತಾವು. ಮುಂಜಾನೆ ಬರೇ ಹೊಟ್ಟ್ಯಾಗ ನೈಂಟಿ, ಅದರ ಮ್ಯಾಲ ಆ ಗುಳಿಗಿ. ಇಳಕಲ್ಲ ಕೆಂಪು ಗ್ರಾನೈಟ್ ಎಲ್ಲೆಲ್ಲಿಗೋ ಹೋಗತೈತಿ, ಪರದೇಶಕ್ಕೂ ಹೋಗತೈತಿ. ಅದನ್ನ ಎತ್ತಿದ ಸೊಂಟಕ್ಕ ಒಬ್ಬ ಡಾಕ್ಟರ್ ಚೀಟಿ ಇಲ್ಲ. ನನಗ ಇದನ್ನ ನೆನಸಿದ್ರ ಹೊಟ್ಟಿ ಉರೀತೈತಿ ಕಾಕಾ. ಅರ್ಧ ಮಂದಿ ನೋವಿಗಂತ ಕುಡಿಯಾಕ ಹತ್ತಿರತಾರ, ನೋವಿಗೆ ಯಾರೂ ಮದ್ದ ಮಾಡಿರೂದಿಲ್ಲ.

ನೇಕಾರ: ನಾ ಇವನ್ನ ಇಲ್ಲಿಗೆ ತರೂ ಮೊದಲ ಮಠಕ್ಕ ಕರಕೊಂಡ ಹೋಗಬೇಕಂತ ಮಾಡಿದ್ದೆ. ನಮ್ಮಪ್ಪ ಕುಡಿಯೂದ ಬಿಟ್ಟದ್ದು ಮಹಾಂತ ಜೋಳಿಗಿಗೆ ಹಾಕಿ. ನೀವು ಹುನಗುಂದದವ್ರು, ನಿಮಗ ಹೇಳಬೇಕಂತಿಲ್ಲ. ಅಪ್ಪಗಳು ಜೋಳಿಗಿ ಹಿಡಕೊಂಡ ಓಣಿ ಓಣಿ ಬರತಿದ್ರು. ಜ್ವಾಳ ಬ್ಯಾಡ, ರೊಕ್ಕ ಬ್ಯಾಡ, ನಿಮ್ಮ ಚಟ ಹಾಕ್ರಿ ಅಂತಿದ್ರು. ನಾ ಆಗ ಲಾಳಿಗೆ ನೂಲು ತುಂಬೂ ಹುಡುಗ. ನಮ್ಮಪ್ಪ ಮಗ್ಗದ ಕುಣಿಯಿಂದ ಎದ್ದು ಹೊರಗ ಬಂದು ಜೋಳಿಗಿ ಮ್ಯಾಲ ಕೈ ಇಟ್ಟ. ಸಾಯೂತನಾ ಮುಟ್ಟಲಿಲ್ರಿ.

ವೈದ್ಯೆ: ಚಿತ್ತರಗಿ ಸಂಸ್ಥಾನದ ಮಹಾಂತ ಸ್ವಾಮಿಗಳು. 1970ರ ದಶಕದಾಗ ಸುರು ಮಾಡಿದ್ದು ಅದನ್ನ. 2018ರಾಗ ಲಿಂಗೈಕ್ಯ ಆಗೂತನಾ ಬಿಡಲಿಲ್ಲ. ಅವರು ಹುಟ್ಟಿದ ದಿನ, ಆಗಸ್ಟ್ 1, ಸರಕಾರ ವ್ಯಸನಮುಕ್ತ ದಿನ ಅಂತ ಮಾಡತೈತಿ. ನಮ್ಮ ಜಿಲ್ಲಾದಾಗ ಅವರು ಉಳಿಸಿದಷ್ಟು ಕರುಳು ನನ್ನಂಥಾ ಡಾಕ್ಟರ್ ಒಬ್ಬಾಕಿ ಜನ್ಮದಾಗ ಉಳಿಸಲಿಕ್ಕಾಗೂದಿಲ್ಲ. ಇದನ್ನ ಮನಸಿನಿಂದ ಹೇಳತೀನಿ.

ನೇಕಾರ: ಮತ್ತ ಮಠಕ್ಕ ಮೊದಲ ಹೋಗಿದ್ರ ತಪ್ಪೇನಾಗತಿತ್ರಿ?

ವೈದ್ಯೆ: ನಿಮ್ಮ ಅಪ್ಪ ಎಷ್ಟ ಕುಡೀತಿದ್ರು? ಮುಂಜಾನೆ ಎದ್ದಾಗ ಕೈ ನಡಗತಿದ್ವೇನು?

ನೇಕಾರ: ಇಲ್ರಿ. ಸಂತಿ ದಿನ, ಸೀರಿ ಮಾರಿದ ದಿನ ಕುಡೀತಿದ್ದ. ನಡಗೋ ಕೈಲೆ ಕೊಂಡಿ ಹಾಕಾಕ ಬರತೈತೇನ್ರಿ? ಸೆರಗಿನ ಹಾಸು ಮೈ ಹಾಸಿಗೆ ಎಳಿ ಎಳಿ ಕೂಡಿಸಬೇಕು.

ವೈದ್ಯೆ: ಅಲ್ಲೇ ಐತಿ ಫರಕು. ಇವನ ಕೈ ಮುಂಜಾನೆ ನಡಗತಾವು, ನೈಂಟಿ ಹಾಕಿದ ಮ್ಯಾಲ ನಿಲ್ಲತಾವು. ಇಂಥವ್ರು ಒಮ್ಮೆಲೆ ಬಿಟ್ರ ಎರಡ ದಿನದಾಗ ಫಿಟ್ಸ್ ಬರಬಹುದು. ಎರಡರಿಂದ ನಾಕನೇ ದಿನಕ್ಕ ಇಲ್ಲದ್ದು ಕಾಣೂದು, ಬಡಬಡಸೂದು, ಜ್ವರ, ಎದಿ ಬಡಿತ ಏರೂದು. ಜೀವಾನೂ ಹೋಗಬಹುದು. ಆಣಿ ಮಾಡಿ ಬಿಟ್ಟ ಮನುಷ್ಯಾ ಮೂರನೇ ರಾತ್ರಿ ಸತ್ರ ಮಂದಿ ಏನಂತಾರ? ಕುಡಿಯೂದ ಬಿಟ್ಟದ್ದಕ್ಕ ಸತ್ತ ಅಂತಾರ. ಆ ಒಂದ ಮಾತು ಇಡೀ ಊರಿನ ಕುಡಕರಿಗೆ ನೆಪ ಆಗ್ತೈತಿ. ಅದಕ್ಕ ಮೊದಲಿನ ನಾಕೈದ ದಿನ ಇಲ್ಲಿ, ಗುಳಿಗಿ ಕೊಟ್ಟು, ನಿಗಾ ಇಟ್ಟು. ಆಮ್ಯಾಲ ಮಠಕ್ಕ ಕರಕೊಂಡ ಹೋಗ್ರಿ. ಅವನಿಗೆ ಅದು ಬೇಕು. ಗುಳಿಗಿ ನಡುಕ ನಿಲ್ಲಿಸತೈತಿ. ನಾಕ ಮಂದಿ ಮುಂದ ಕೊಟ್ಟ ಮಾತು ಸಂಜಿ ಮುಂದ ಕಾಲ ಹಿಡದ ನಿಲ್ಲಿಸತೈತಿ.

ನೇಕಾರ: ಕರುಳಿಗೆ ಎಷ್ಟ ದಿನ ಬೇಕ್ರಿ? ನಾಕ ದಿನಕ್ಕ ಹೊಸ ಪದರ ಬರತೈತಿ ಅಂದ್ರಿ.

ವೈದ್ಯೆ: ಗಾಯ ಕೂಡೂದು ಬ್ಯಾರೆ, ಬಿಗಿ ಬರೂದು ಬ್ಯಾರೆ. ತುದಿಗಳ ಗಾಯ ಕೆಲವು ದಿನದಾಗ ಮಾಯತಾವು. ಜಾಳ ಹೋಗಾಕ ಹೆಚ್ಚು ದಿನ ಬೇಕು. 1984ರಾಗ ಲಂಡನ್ನಿನಾಗ ಇಂಗ್ವಾರ್ ಬ್ಯಾರ್ನಸನ್ ಮತ್ತ ಅವರ ಜೋಡಿಯವ್ರು ಕುಡಿತದ ರೋಗಿಗಳಿಗೆ ಕರುಳು ಸಹಜವಾಗಿ ಹೀರದಂಥಾ ಒಂದ ಪದಾರ್ಥ ಕುಡಿಸಿ, ಅದು ಮೂತ್ರದಾಗ ಎಷ್ಟು ಬಂತು ಅಂತ ಅಳೆದ್ರು. ಮೂತ್ರಕ್ಕ ಬಂತಂದ್ರ ಕರುಳು ಸೋರೇತಿ ಅಂತ. ಕುಡಿಯೂದ ಬಿಟ್ಟು ನಾಕ ದಿನ ಆಗದವ್ರಲ್ಲಿ ಹೆಚ್ಚು ಕಡಿಮಿ ಎಲ್ಲಾರದೂ ಸೋರತಿತ್ತು. ಭಾಳ ಮಂದಿಗೆ ಎರಡ ವಾರದತನಾ ಹಂಗ ಇತ್ತು. ಲ್ಯಾನ್ಸೆಟ್ ಅನ್ನೋ ಪತ್ರಿಕ್ಯಾಗ ಅದು ಬಂತು. ಆಮ್ಯಾಲ ಬೆಲ್ಜಿಯಂ ದೇಶದಾಗ ನೋಡಿದವ್ರು ಮೂರ ವಾರಕ್ಕ ಬಿಗಿ ತಿರುಗಿ ಬರತೈತಿ ಅಂತ ಕಂಡ್ರು.

ನೇಕಾರ: ಹನ್ನೊಂದ ವರ್ಷ ಕೆಡಿಸಿದ್ದು ಮೂರ ವಾರಕ್ಕ?

ವೈದ್ಯೆ: ಪದರ ಮೂರ ವಾರಕ್ಕ. ತೂಕ, ನರ, ರಕ್ತ ಇವಕ್ಕ ತಿಂಗಳುಗಟ್ಟಲೆ ಬೇಕು. ಆದ್ರ ಹೌದು, ನಾ ಇದನ್ನ ರೋಗಿ ಹತ್ರ ಕೂತು ಹೇಳಿದಾಗ ಕೆಲವರ ಮುಖದ ಮ್ಯಾಲ ಏನೋ ಬರತೈತಿ. ಅವರಿಗೆಲ್ಲಾ ಲಿವರ್ ಹೋತು, ಮುಗೀತು ಅಂತನ ಹೇಳಿರತಾರ. ಹೆದರಸೂದರಿಂದ ಒಬ್ಬ ಎರಡ ದಿನ ಬಿಡಬಹುದು. ನಿನ್ನ ಮೈಯಾಗ ಒಂದ ಜಾಗ ಈ ವಾರದಾಗನ ಹೊಸದಾಗಾಕ ಕಾಯ್ದು ಕೂತೈತಿ ಅಂದ್ರ ಅದಕ್ಕ ಅವ ಏನಾದ್ರೂ ಮಾಡಬಹುದು.

ನೇಕಾರ: ಇವ ಎರಡ ಸಲ ಬಿಟ್ಟಿದ್ದ್ರಿ. ಬಿಟ್ಟಾಗ ಮಂಕ ಹಿಡದಂಗ ಕೂಡತಿದ್ದ. ಮಾತಿಲ್ಲ, ನಿದ್ದಿಲ್ಲ, ಅಳತಿದ್ದ. ನಾವು ಬೈದ್ವಿ. ಗಂಡಸಾಗಿ ಅಳತೀಯಲ್ಲ ಅಂತ.

ವೈದ್ಯೆ: ಬೈಯಬ್ಯಾಡ್ರಿ ಈ ಸಲ. ಅದ ಬೆಲ್ಜಿಯಂನಾಗ, ಲೂವೆನ್ ವಿಶ್ವವಿದ್ಯಾಲಯದವ್ರು 2014ರಾಗ ಒಂದ ಸಂಗತಿ ಪ್ರಕಟ ಮಾಡಿದ್ರು. ಆಸ್ಪತ್ರಿಗೆ ಬಂದಾಗ ಯಾರ ಕರುಳು ಹೆಚ್ಚು ಸೋರತಿತ್ತೋ, ಅವರಿಗೆ ಮೂರ ವಾರ ಬಿಟ್ಟ ಮ್ಯಾಲೂ ಖಿನ್ನತಿ, ಆತಂಕ, ಕುಡೀಬೇಕನ್ನೋ ಹಂಬಲ ಹೆಚ್ಚು ಉಳಿದಿತ್ತು. ಕರುಳನ ಇದಕ್ಕೆಲ್ಲಾ ಕಾರಣ ಅಂತ ನಾ ಹೇಳೂದಿಲ್ಲ, ಎರಡೂ ಕೂಡಿ ನಡೀತಾವು ಅಂತಷ್ಟ. ಆದ್ರ ಮೈಯಾಗ ಸಣ್ಣ ಉರಿ ಹತ್ತಿಕೊಂಡಿರೂ ಮನುಷ್ಯಾಗ ಮನಸ್ಸು ತಣ್ಣಗ ಹೆಂಗ ಇರತೈತಿ? ಮನೋರೋಗದ ಡಾಕ್ಟರಿಗೂ ಚೀಟಿ ಬರದೀನಿ. ಜಿಲ್ಲಾ ಆಸ್ಪತ್ರ್ಯಾಗ ಆ ವಿಭಾಗ ಐತಿ. ರಾತ್ರಿ ಹೊತ್ನ್ಯಾಗ ಸಂಕಟ ಆದ್ರ 14416ಕ್ಕ ಫೋನ್ ಹಚ್ರಿ, ಟೆಲಿ-ಮನಸ್ ಅಂತ, ಕನ್ನಡದಾಗ ಮಾತಾಡತಾರ, ರೊಕ್ಕ ಇಲ್ಲ. ಚಟ ಬಿಡಸಾಕ 14446 ಅಂತ ಬ್ಯಾರೆ ನಂಬರ್ ಐತಿ.

ನೇಕಾರ: ಬರಕೊಡ್ರಿ ಬಾಯಾರ. ಮನ್ಯಾಗ ಏನ ಉಣಸಬೇಕು?

ವೈದ್ಯೆ: ಹಾಲ ಒಂದ ತಿಂಗಳ ನಿಲ್ಲಸ್ರಿ, ಮಜ್ಜಿಗಿ ತಡದ್ರ ಕೊಡ್ರಿ. ಜ್ವಾಳದ ನುಚ್ಚು, ಹೆಸರಬ್ಯಾಳಿ, ಮೆತ್ತಗ ಅನ್ನ, ತತ್ತಿ ತಿಂದ್ರ ತತ್ತಿ. ದೊಡ್ಡ ಊಟ ಎರಡ ಸಲ ಬ್ಯಾಡ, ಸಣ್ಣ ಸಣ್ಣದು ಐದ ಆರ ಸಲ. ಸೊಪ್ಪು ತರಕಾರಿ ಮರೀಬ್ಯಾಡ್ರಿ, ಫೋಲಿಕ್ ಅದರಾಗ ಐತಿ. ಹಸಿಖಾರ ತಡೀದಿದ್ರ ಸ್ವಲ್ಪ ದಿನ ಬಿಡ್ರಿ. ಬಿ1, ಫೋಲಿಕ್, ಝಿಂಕ್ ಗುಳಿಗಿ ಬರದೀನಿ, ತುಟ್ಟಿ ಅಲ್ಲ. ಸೊಂಟನೋವಿನ ಗುಳಿಗಿ ಅಂಗಡ್ಯಾಗ ತಗೋಬ್ಯಾಡ್ರಿ, ನನ್ನ ಕೇಳಿ ತಗೋರಿ.

ನೇಕಾರ: ಎಲ್ಲಾ ಮಾಡ್ತೀನ್ರಿ. ನನಗ ಹೆದರಿಕಿ ಇರೂದು ಶನಿವಾರದ್ದು. ಬಟವಡೆ ದಿನ. ಕೈಯಾಗ ರೊಕ್ಕ ಬಿತ್ತಂದ್ರ ಕಾರ್ಖಾನಿಯಿಂದ ಮನಿಗೆ ಬರೂ ದಾರಿ ತುಂಬ ಅಂಗಡಿ.

ವೈದ್ಯೆ: ಮೂರ ವಾರ ಕೆಲಸಕ್ಕ ಕಳಸಬ್ಯಾಡ್ರಿ. ನಾ ಸರ್ಟಿಫಿಕೇಟ್ ಕೊಡ್ತೀನಿ.

ನೇಕಾರ: ಮನ್ಯಾಗ ಸುಮ್ಮನ ಕೂತ್ರ ಹುಚ್ಚ ಹಿಡೀತೈತಿ ಅವಗ.

ವೈದ್ಯೆ: ಅವಗ ಮಗ್ಗದ ಕೆಲಸ ಬರತೈತೇನು?

ನೇಕಾರ: ಬರತೈತ್ರಿ. ನಮ್ಮಪ್ಪನ ಕೈಯಾಗ ಕಲತದ್ದು. ಕೂಲಿ ಸಾಲೂದಿಲ್ಲಂತ ಬಿಟ್ಟು ಕಲ್ಲಿಗೆ ಹೋದ. ನಡಗೋ ಕೈಗೆ ಸೆರಗು ಕೊಡಾಕ ಆಗೂದಿಲ್ಲ, ಮೈ ನೇಯಬಹುದು. ಲಾಳಿ ತುಂಬಬಹುದು.

ವೈದ್ಯೆ: ಹಂಗಾರ ದಿನಕ್ಕ ಒಂದ ತಾಸ, ಎರಡ ತಾಸ ಕೂಡಸ್ರಿ. ಪಾದ ಜೋಮ ಐತಿ, ಕುಣಿಗೆ ಇಳಿಯೂಮುಂದ ಹತ್ತೂಮುಂದ ಕೈ ಹಿಡೀರಿ. ಶನಿವಾರ ಸಂಜಿಗೆ ನೀವು ಮಗ್ಗ ನಿಲ್ಲಿಸಿ ಅವನ ಜೋಡಿ ಇರ್ರಿ. ಮೂರ ವಾರಕ್ಕ ಬಂದು ತೋರಸ್ರಿ. ಈಗ ತೂಕ ಎಷ್ಟೈತಿ?

ನೇಕಾರ: ಒಳಗ ಬರದಾರ್ರಿ, 46 ಕೆ.ಜಿ. ಅಂತ.

ವೈದ್ಯೆ: ಅದನ್ನ ಗ್ವಾಡಿಮ್ಯಾಲ ಕ್ಯಾಲೆಂಡರಿನಾಗ ಅವನ ಕೈಲೆ ಬರಸ್ರಿ. ವಾರಕ್ಕೊಮ್ಮೆ ಪಡಿತರ ಅಂಗಡಿ ತಕ್ಕಡಿ ಮ್ಯಾಲ ಆದ್ರೂ ನಿಲ್ಲಿಸಿ ತೂಗಿ, ಅದನ್ನೂ ಬರಸ್ರಿ. ಮುಂಜಾನೆ ಎಷ್ಟ ಸಲ ಹೊರಕಡಿ ಹೋದ ಅನ್ನೂದನ್ನೂ ಬರಸ್ರಿ. ಆ ಕ್ಯಾಲೆಂಡರ್ ಹರಕೊಂಡ ತರ್ರಿ ನನ್ನ ಹತ್ರ, ಸ್ಕ್ಯಾನಿಗಿಂತ ಮೊದಲ ಅದನ್ನ ನೋಡ್ತೀನಿ.

ನೇಕಾರ: ಅವನ ಮಗಳ ಕೈಲೆ ಬರಸ್ತೀನ್ರಿ. ಅಕಿ ಸುಳ್ಳ ಬರೆಯೂದಿಲ್ಲ.